ಮೈನಸ್ 25,536 ಲೀಟರ್ ನೀರು

ಬನ್ನೇರುಘಟ್ಟ ರಸ್ತೆಯ ಬಳಿಯಿರುವ ನಮ್ಮ ಅಪಾರ್ಟ್‌ಮೆಂಟಿನ ಸಂಪಿನೊಳಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಿ, ನಿಮಿಷಕ್ಕೊಂದರಂತೆ ಬರುವ ಅಳತೆಗಳನ್ನು ಪೈಥಾನಿನ ನಮ್‌ಪೈ ಅರೇಯಲ್ಲಿ (ಒಂದೇ ಬಗೆಯ ಸಂಖ್ಯೆಗಳ ಸಾಲು) ಇಟ್ಟುಕೊಂಡು, ನೀರು ತಳ ಕಂಡಾಗ ಟ್ಯಾಂಕರಿನವರಿಗೆ ತಾನಾಗಿಯೇ ಸಂದೇಶ ಹೋಗುವಂತೆ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಸೆನ್ಸರ್ ಮೀಟರ್ ಲೆಕ್ಕದಲ್ಲಿ ಫ್ಲೋಟ್64 ಸಂಖ್ಯೆ (64 ಬಿಟ್‌ಗಳ ದಶಾಂಶ ಸಂಖ್ಯೆ) ಕೊಡುತ್ತದೆ. ಅದನ್ನು 100ರಿಂದ ಗುಣಿಸಿ ಸೆಂಟಿಮೀಟರ್ ಮಾಡಿ, ಆಸ್‌ಟೈಪ್ ಎಂಬ ಬಗೆ ಬದಲಿಸುವ ಆಜ್ಞೆಯ ಮೂಲಕ ಇಂಟ್16ಕ್ಕೆ (16 ಬಿಟ್‌ಗಳ ಪೂರ್ಣಾಂಕ, ಫ್ಲೋಟ್64ರ ಕಾಲು ಭಾಗದಷ್ಟೇ ಜಾಗ) ಬದಲಿಸಿ, ಸೆಂಟಿಮೀಟರಿಗೆ 200 ಲೀಟರಿನಂತೆ ಮತ್ತೆ ಗುಣಿಸುತ್ತಿದ್ದೆ.

ಹಲವು ವಾರ ಎಲ್ಲವೂ ಸರಿಯಾಗಿತ್ತು. ಕಾವೇರಿ ನೀರು ಧಾರಾಳವಾಗಿ ಬಿಟ್ಟ ಒಂದು ಬೆಳಿಗ್ಗೆ ವಾಚ್‌ಮನ್ ಕರೆ ಮಾಡಿ, "ಸಾರ್, ಸಂಪು ತುಂಬಿ ಹರೀತಾ ಇದೆ, ಟ್ಯಾಂಕರ್ ಯಾಕೆ ಕರೆಸಿದ್ರಿ?" ಎಂದರು. ನೋಡಿದರೆ ಪ್ರೋಗ್ರಾಂ ಸಂಪಿನಲ್ಲಿ -25,536 ಲೀಟರ್ ಇದೆ ಎನ್ನುತ್ತಿತ್ತು!

ಇಂಟ್16ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಇಂಟ್16 ಅರೇಯನ್ನು 200 ಎಂಬ ಸಾಮಾನ್ಯ ಪೂರ್ಣಾಂಕದಿಂದ ಗುಣಿಸಿದರೆ ಫಲವೂ ಇಂಟ್16 ಆಗಿಯೇ ಉಳಿಯುವುದರಿಂದ, 200 ಸೆಂಟಿಮೀಟರಿಗೆ ಬರಬೇಕಾದ 40,000ದಿಂದ 65,536 (ಇಂಟ್16 ಹಿಡಿಯಬಲ್ಲ ಬೇರೆ ಬೇರೆ ಸಂಖ್ಯೆಗಳ ಒಟ್ಟು ಎಣಿಕೆ) ಕಳೆದು ಉಳಿದದ್ದು ನನ್ನ ಕೈಗೆ ಸಿಕ್ಕಿತು. 163 ಸೆಂಟಿಮೀಟರಿನವರೆಗೆ ಲೆಕ್ಕ ಸರಿ, 164 ಮುಟ್ಟಿದರೆ ತಪ್ಪು. ಒಂದೇ ಒಂದು ಎಚ್ಚರಿಕೆಯ ಸಾಲೂ ಪರದೆಯ ಮೇಲೆ ಬರುವುದಿಲ್ಲ. ನಮ್ಮ ಸಂಪು ಅಷ್ಟು ತುಂಬುವುದೇ ಅಪರೂಪವಾದ್ದರಿಂದ ದೋಷವೂ ಅಡಗಿ ಕುಳಿತಿತ್ತು. ವರ್ಷದ 5,25,600 ಅಳತೆಗಳಿಗೆ ಫ್ಲೋಟ್64 ಸುಮಾರು 4.2 ಎಂಬಿ ಸಾಕು; ಅದರಲ್ಲಿ ಮುಕ್ಕಾಲು ಪಾಲು ಉಳಿಸಲು ಹೋಗಿ ಒಂದು ಟ್ಯಾಂಕರಿನ ದುಡ್ಡು ತೆತ್ತೆ.

ಹುಡುಕುತ್ತಾ ಹೋದಂತೆ ಇನ್ನೊಂದು ತಪ್ಪು ಕಂಡಿತು. 0.29ನ್ನು 100ರಿಂದ ಗುಣಿಸಿದರೆ ಕಂಪ್ಯೂಟರಿನಲ್ಲಿ ಬರುವುದು 28.999999999999996. ಆಸ್‌ಟೈಪ್ ದಶಾಂಶ ಭಾಗವನ್ನು ಕತ್ತರಿಸಿ ಎಸೆಯುತ್ತದೆಯೇ ಹೊರತು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸುವುದಿಲ್ಲವಾದ್ದರಿಂದ, 29 ಸೆಂಟಿಮೀಟರ್ 28 ಆಗಿ 200 ಲೀಟರ್ ಮಾಯವಾಗುತ್ತಿತ್ತು. ಈಗ ಮೊದಲು ರಿಂಟ್ (ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸುವ ಆಜ್ಞೆ), ಆಮೇಲೆ ಇಂಟ್32ಕ್ಕೆ (32 ಬಿಟ್‌ಗಳ ಪೂರ್ಣಾಂಕ) ಆಸ್‌ಟೈಪ್, ಕೊನೆಗೆ ಗುಣಾಕಾರ.

ಸೆನ್ಸರಿನ ತಂತಿ ಸಡಿಲವಾದಾಗ ಬರುವ ನ್ಯಾನ್ (‘ಇದು ಸಂಖ್ಯೆಯಲ್ಲ’ ಎಂಬ ಗುರುತು) ಇನ್ನೂ ತಲೆನೋವಿನದು, ಏಕೆಂದರೆ ಪೂರ್ಣಾಂಕದ ಅರೇಯಲ್ಲಿ ಅದಕ್ಕೆ ಜಾಗವೇ ಇಲ್ಲ. ಇಂಟ್32ಕ್ಕೆ ಬದಲಿಸಿದಾಗ ಅದು ನನ್ನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ -2147483648 ಆಯಿತು, ಸಂಪಿನ ಪಕ್ಕದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ 0 ಆಯಿತು. ಸೊನ್ನೆ ಎಂದರೆ ಮತ್ತೆ ಟ್ಯಾಂಕರ್. ನ್ಯಾನ್ ಇದ್ದಲ್ಲಿ ‘ಅಳತೆ ಇಲ್ಲ’ ಎಂಬ ಗುರುತಾಗಿ -1 ಇಟ್ಟು ಗುಣಿಸಿದೆ, -200 ಬಂತು (ಇದು ಶುದ್ಧ ನನ್ನ ಅವಸರ). ಆದ್ದರಿಂದ ಅಂಥ ಜಾಗಗಳನ್ನು ಮೊದಲೇ ಒಂದು ಬೂಲಿಯನ್ (ಹೌದು/ಅಲ್ಲ ಎಂಬ ಎರಡೇ ಬೆಲೆಗಳ) ಅರೇಯಲ್ಲಿ ಗುರುತಿಟ್ಟುಕೊಂಡು, ಅಲ್ಲಿ ಸದ್ಯಕ್ಕೆ ಸೊನ್ನೆ ತುಂಬಿ, ಗುಣಾಕಾರವೆಲ್ಲ ಮುಗಿದ ಮೇಲೆ -1 ಬರೆಯುತ್ತೇನೆ.

ಪ್ರೋಗ್ರಾಂನಲ್ಲಿ ಏನೇ ತಿದ್ದಿದರೂ 0, 0.29, 1.64, 2.00 ಮತ್ತು ಒಂದು ನ್ಯಾನ್ ಇರುವ ಪುಟ್ಟ ಅರೇಯನ್ನು ಕೊಟ್ಟು ನೋಡುತ್ತೇನೆ. 0, 5800, 32800, 40000, -1 ಬಂದರೆ ಮಾತ್ರ ಅದನ್ನು ಸಂಪಿನ ಬಳಿಗೆ ಒಯ್ಯುತ್ತೇನೆ.