ಯಾವ ದ್ವೀಪ ಅಂತ ಕೇಳುವ ಮೊದಲು, ನಿಮ್ಮ ಮೀಟಿಂಗ್ ಹೊತ್ತು ಹೇಳಿ

ಮುಂಗಾರು ಹಿಡಿಯಿತೆಂದರೆ ನಾನು ಬಸವನಗುಡಿಯ ಅಮ್ಮನ ಮನೆಯಲ್ಲಿರುತ್ತೇನೆ. ಉಳಿದ ಕಾಲ ಶ್ರೀಲಂಕಾದ ದಕ್ಷಿಣ ಕರಾವಳಿಯ ವೆಲಿಗಾಮದಲ್ಲಿ. ಅಲ್ಲಿ ನೆಲೆ ನಿಂತು ಏಳು ವರ್ಷವಾಯಿತು. ಬೆಂಗಳೂರಿಗೆ ಬಂದ ವಾರದೊಳಗೆ ಫೋನು ಶುರು. ಬೆಳ್ಳಂದೂರಿನಿಂದ, ವೈಟ್‌ಫೀಲ್ಡಿನಿಂದ, ಒಮ್ಮೊಮ್ಮೆ ನಮ್ಮ ಎದುರು ಬೀದಿಯಿಂದಲೇ. "ಅಕ್ಕ, ಆರು ತಿಂಗಳು ಎಲ್ಲಿಂದ ಬೇಕಾದರೂ ಕೆಲಸ ಮಾಡು ಅಂದಿದ್ದಾರೆ. ಸರ್ಫಿಂಗ್ ಕಲೀಬೇಕು. ಬಾಲಿಗೆ ಹೋಗ್ಲಾ, ಲಂಕಾಗೆ ಬರ್ಲಾ?" ನಾನು ತಿರುಗಿ ಕೇಳುವುದು ಒಂದೇ: ದಿನದ ಮೊದಲ ಮೀಟಿಂಗ್ ಎಷ್ಟು ಗಂಟೆಗೆ, ಕೊನೆಯದು ಎಷ್ಟು ಗಂಟೆಗೆ?

ಅಲೆಯ ಫೋಟೋ ನೋಡಿ ದ್ವೀಪ ಆರಿಸಿಕೊಂಡವಳು ನಾನೂ. ನನ್ನ ಮೊದಲ ನೆಲೆ ಬಾಲಿಯ ಚಂಗು. ಆಗ ನಮ್ಮ ತಂಡದ ಅರ್ಧ ಜನ ಅಮೆರಿಕದಲ್ಲಿದ್ದರು. ಬೆಂಗಳೂರಿನ ಲೆಕ್ಕದಲ್ಲಿ ರಾತ್ರಿ ಒಂಬತ್ತಕ್ಕೆ ಕಾಲ್. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ಕಾಲ್ ಶುರುವಾಗುವುದೇ ಹನ್ನೊಂದೂವರೆಗೆ. ಮಲಗುವಾಗ ಒಂದು ಗಂಟೆ, ಬೆಳಗ್ಗೆ ಏಳುವಾಗ ಎಂಟು. ಅಷ್ಟರಲ್ಲಿ ಅಲೆ ಚೆನ್ನಾಗಿರುವ ಹೊತ್ತು ಅರ್ಧ ಮುಗಿದಿರುತ್ತಿತ್ತು. ಎರಡು ತಿಂಗಳಲ್ಲಿ ನಾನು ನೀರಿಗಿಳಿದದ್ದು ಹದಿಮೂರು ಸಲ. ಖರ್ಚು ಮಾಡಿದ ಹಣಕ್ಕಿಂತ ಹೆಚ್ಚಾಗಿ, ಮನೆಯಿಂದ ಹತ್ತು ಹೆಜ್ಜೆಯಲ್ಲಿ ಕಡಲಿದ್ದೂ ಮುಟ್ಟಲಾಗಲಿಲ್ಲವಲ್ಲ ಎಂಬುದು ಇವತ್ತಿಗೂ ನೋಯುತ್ತದೆ. ನಿಮಗೆ ಹಾಗಾಗಬಾರದು ಎಂದೇ ಇಷ್ಟು ಬರೆಯುತ್ತಿದ್ದೇನೆ.

ಉಷ್ಣವಲಯದ ಕಡಲತೀರದಲ್ಲಿ ಸಾಮಾನ್ಯವಾಗಿ ಬೆಳಗಿನ ಹೊತ್ತು ಗಾಳಿ ನಿಂತಿರುತ್ತದೆ, ಇಲ್ಲವೇ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ. ಆ ಗಾಳಿಗೆ ಅಲೆಯ ಮುಖ ನಯವಾಗಿ, ನಿಂತು ಒಡೆಯುತ್ತದೆ. ಬಿಸಿಲೇರಿ ನೆಲ ಕಾಯ್ದ ಮೇಲೆ ಗಾಳಿ ಕಡಲಿನಿಂದ ನೆಲಕ್ಕೆ ತಿರುಗುತ್ತದೆ, ನೀರು ಕಲಕಿಹೋಗುತ್ತದೆ. ಹಾಗಾಗಿ ನಿಮಗೆ ಸಿಗಬೇಕಾದದ್ದು ಬೆಳಗಿನ ಆರರಿಂದ ಹತ್ತರವರೆಗಿನ ಹೊತ್ತು. ಎಲ್ಲರೂ ಬೆಂಗಳೂರಿನಲ್ಲೇ ಇರುವ ತಂಡ, ಹತ್ತು ಗಂಟೆಗೆ ಸ್ಟ್ಯಾಂಡಪ್ (ತಂಡದ ದಿನದ ಮೊದಲ ಪುಟ್ಟ ಮೀಟಿಂಗ್), ಸಂಜೆ ಏಳಕ್ಕೆ ಬಾಗಿಲು ಎಂದಾದರೆ ಗಡಿಯಾರದ ಮಟ್ಟಿಗೆ ಬಾಲಿಯಂಥ ಜಾಗ ಇನ್ನೊಂದಿಲ್ಲ: ಅಲ್ಲಿ ನಿಮ್ಮ ಸ್ಟ್ಯಾಂಡಪ್ ಮಧ್ಯಾಹ್ನ ಹನ್ನೆರಡೂವರೆಗೆ. ರಾತ್ರಿ ಕಾಲ್ ಇರುವವರು ಮಾತ್ರ ಪೂರ್ವಕ್ಕೆ ಹೋಗಬೇಡಿ. ಶ್ರೀಲಂಕಾದ ಗಡಿಯಾರವೂ ನಮ್ಮದೂ ಒಂದೇ.

ಇನ್ನೊಂದು ವಿಷಯ ಫೋಟೋದಲ್ಲಿ ಕಾಣುವುದಿಲ್ಲ, ಉಬ್ಬರ ಇಳಿತ. ಬಾಲಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ನೀರು ಎರಡು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಉಳುವಾಟುವಿನಂಥ ಬಂಡೆಯ ಮೇಲೆ ಒಡೆಯುವ ಅಲೆಗಳಲ್ಲಿ ಇಳಿತದ ಹೊತ್ತಿಗೆ ಹವಳ ಹೊರಗೇ ಕಾಣುವ ಜಾಗಗಳಿವೆ. ಉಬ್ಬರದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ನಿಮ್ಮ ಮೀಟಿಂಗ್ ಹೋಗುವುದಿಲ್ಲ. ಈ ವಾರ ಬೆಳಗ್ಗೆ ಏಳಕ್ಕೆ ಸಿಕ್ಕ ಅಲೆ ಮುಂದಿನ ವಾರ ನೀವು ಲ್ಯಾಪ್‌ಟಾಪ್ ಮುಂದೆ ಕೂತಾಗ ಬರುತ್ತದೆ. ಲಂಕಾದ ದಕ್ಷಿಣದಲ್ಲಿ ಏರಿಳಿತ ಒಂದು ಮೀಟರಿಗೂ ಕಡಿಮೆ. ವೆಲಿಗಾಮದ ಕೊಲ್ಲಿಯಲ್ಲಿ ಕಲಿಯುವವರು ಇಳಿಯುವ ಕಡೆ ತಳ ಮರಳು. ಊರಿನ ಹೆಸರೇ ಹಾಗೆ, ಸಿಂಹಳದಲ್ಲಿ ವೆಲಿ ಅಂದರೆ ಮರಳು, ಗಾಮ ಅಂದರೆ ಗ್ರಾಮ. ದಿನವೂ ಆರು ಗಂಟೆಗೆ ಇಳಿದು ಒಂಬತ್ತಕ್ಕೆ ಸ್ನಾನ ಮುಗಿಸಿ ಹತ್ತಕ್ಕೆ ಕೆಲಸಕ್ಕೆ ಕೂರಬಹುದು. ನೌಕರಿ ಬಿಡದೆ ಕಲಿಯುವವರಿಗೆ ಒಳ್ಳೆಯ ಅಲೆಗಿಂತ ದಿನವೂ ಸಿಗುವ ಅಲೆ ದೊಡ್ಡದು. ನನ್ನ ಮಾತು ಒಪ್ಪದ ಗೆಳೆಯರಿದ್ದಾರೆ. ಅವರೆಲ್ಲ ಐದಾರು ವರ್ಷ ಬೋರ್ಡ್ ಮೇಲೆ ನಿಂತವರು, ಅವರಿಗೆ ಉಳುವಾಟುವೇ ಸರಿ.

ಕಾಲದ ವಿಚಾರ ನಮ್ಮವರಿಗೆ ಹೇಳುವುದು ಸುಲಭ, ಮುಂಗಾರು ಹಿಂಗಾರು ಗೊತ್ತಿರುವವರು ನಾವು. ಜೂನಿನಲ್ಲಿ ಬೆಂಗಳೂರಿಗೆ ಮೋಡ ತರುವ ನೈಋತ್ಯದ ಗಾಳಿ ವೆಲಿಗಾಮ, ಮಿರಿಸ್ಸ, ಮಿದಿಗಾಮಗಳಲ್ಲಿ ಕಡಲಿನಿಂದ ನೇರ ಮುಖಕ್ಕೆ ಬೀಸುತ್ತದೆ. ಅದೇ ಗಾಳಿ ದ್ವೀಪ ದಾಟಿ ಪೂರ್ವ ತೀರಕ್ಕೆ ಬರುವಾಗ ನೆಲದ ಕಡೆಯಿಂದ ಬರುತ್ತದೆ. ಆ ತೀರದ ಅರುಗಂ ಬೇಯ ಕಾಲ ಆಗ, ಮೇಯಿಂದ ಸೆಪ್ಟೆಂಬರ್‌ವರೆಗೆ. ಹಿಂಗಾರಿನ ಈಶಾನ್ಯ ಗಾಳಿ ಹಿಡಿದ ಮೇಲೆ ಲೆಕ್ಕ ತಿರುಗಿ ದಕ್ಷಿಣ ತೀರ ತೆರೆದುಕೊಳ್ಳುತ್ತದೆ, ನವೆಂಬರ್‌ನಿಂದ ಏಪ್ರಿಲ್. ದೊಡ್ಡ ಅಲೆಗಳು ಹುಟ್ಟುವುದು ಬಹುದೂರ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ. ಹೆಚ್ಚುಕಡಿಮೆ ವರ್ಷವಿಡೀ ಅವು ಬರುತ್ತಲೇ ಇರುತ್ತವೆ, ಅವನ್ನು ಕೆಡಿಸುವುದೋ ಉಳಿಸುವುದೋ ಸ್ಥಳದ ಗಾಳಿ. ಬಾಲಿಯಲ್ಲೂ ಹೀಗೆಯೇ: ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲದಲ್ಲಿ ಪಶ್ಚಿಮ ತೀರ, ನವೆಂಬರ್‌ನಿಂದ ಮಾರ್ಚ್ ಮಳೆಗಾಲದಲ್ಲಿ ಸನೂರ್, ಕೆರಮಾಸ್ ಇರುವ ಪೂರ್ವ ತೀರ. ಮಳೆಗಾಲದಲ್ಲಿ ಕುಟ ಕಡಲತೀರಕ್ಕೆ ಪ್ಲಾಸ್ಟಿಕ್ ಕಸ ರಾಶಿ ರಾಶಿ ಬಂದು ಬೀಳುತ್ತದೆ. ಡಿಸೆಂಬರ್ ರಜೆಗೆ ಹೊಂದಿಸಿ ಅಲ್ಲಿಗೆ ಹೊರಟವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಉಳಿದ ದ್ವೀಪಗಳ ಬಗ್ಗೆ ಬೇಗ ಮುಗಿಸುತ್ತೇನೆ. ಮಾಲ್ಡೀವ್ಸ್‌ನ ತುಲುಸ್‌ಧೂ ದ್ವೀಪದಲ್ಲಿ ಕೋಕಾಕೋಲಾ ಕಾರ್ಖಾನೆಯ ಹತ್ತಿರವೇ ಒಡೆಯುವ 'ಕೋಕ್ಸ್' ಎಂಬ ಅಲೆ ಬಲು ಚೆಂದ, ಆದರೆ ಆಳ ಕಡಿಮೆಯ ಹವಳದ ಮೇಲೆ, ಕಲಿಯುವವರ ಜಾಗವಲ್ಲ. ಮಾರಿಷಸ್‌ನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಂಗಳೂರಿನ ಹತ್ತು ಗಂಟೆ ಅಲ್ಲಿ ಎಂಟೂವರೆ, ಬೆಳಗು ಪೂರ್ತಿ ಹೋಯಿತು. ಆದರೆ ದೂರದಿಂದ ಕೆಲಸ ಮಾಡುವವರಿಗೆಂದೇ ಒಂದು ವರ್ಷದ ಪ್ರೀಮಿಯಂ ವೀಸಾ ಇಟ್ಟ ದೇಶ ಅದು, ಯುರೋಪಿನ ತಂಡದ ಜೊತೆ ಕೆಲಸ ಮಾಡುವವರು ಯೋಚಿಸಬಹುದು. ನಮ್ಮದೇ ಲಿಟಲ್ ಅಂಡಮಾನ್‌ಗೆ ವೀಸಾ ಬೇಡ, 2020ರಲ್ಲಿ ಚೆನ್ನೈನಿಂದ ಕಡಲ ತಳದ ಕೇಬಲ್ ಕೂಡ ಬಂದಿದೆ. ಆದರೆ ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಒಬ್ಬರೇ ಹೋಗುವ ಊರಲ್ಲ.

ಎಲ್ಲಿಗೇ ಹೋಗಿ, ಮೊದಲು ಈಜು. ಕೊಳದಲ್ಲಿ ನಿಲ್ಲದೆ ಇನ್ನೂರು ಮೀಟರ್ ಈಜಲು ಬಾರದವರಿಗೆ ನಾನು ಬೋರ್ಡ್ ಹಿಡಿಯಲು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಕೊಳಗಳಿಗೆ ಕೊರತೆಯಿಲ್ಲ, ನಮ್ಮ ಬಸವನಗುಡಿಯದು ಒಲಿಂಪಿಕ್ಸ್‌ಗೆ ಈಜುಗಾರರನ್ನು ಕಳಿಸಿದ ಕೊಳ. ಆಮೇಲೆ ವಿಮಾನದ ಟಿಕೆಟ್ ತೆಗೆಯುವ ಮೊದಲು ಮುಲ್ಕಿಗೆ ಹೋಗಿ ಬನ್ನಿ. ಶುಕ್ರವಾರ ರಾತ್ರಿ ಮಂಗಳೂರು ಬಸ್ಸು ಹತ್ತಿದರೆ ಶನಿವಾರ ಬೆಳಗ್ಗೆ ಕಡಲು. ಈ ದೇಶದಲ್ಲಿ ಸರ್ಫಿಂಗ್ ಬೇರುಬಿಟ್ಟ ಊರುಗಳಲ್ಲಿ ಮುಲ್ಕಿ ಮೊದಲ ಸಾಲಿನದು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಮಳೆಗಾಲದ ಉಗ್ರ ಕಡಲು ಬಿಟ್ಟು ಎರಡು ಮೂರು ವಾರಾಂತ್ಯ ಅಲ್ಲಿ ಕಳೆಯಿರಿ. ಕನ್ನಡ, ತುಳುವಿನಲ್ಲಿ ಹೇಳಿಕೊಡುವವರ ಬಳಿ ಮೊದಲ ಪೆಟ್ಟು ತಿಂದರೆ ಭಯ ಬೇಗ ಬಿಡುತ್ತದೆ. ಇದು ನಿಮಗೆ ಒಗ್ಗುವುದಿಲ್ಲ ಎನಿಸಿದರೂ ಅಲ್ಲೇ ಗೊತ್ತಾಗಲಿ, ಆರು ತಿಂಗಳ ಬಾಡಿಗೆ ಕೊಟ್ಟ ಮೇಲಲ್ಲ.

ಕಾಗದದ ಕೆಲಸದಲ್ಲಿ ಉದಾಸೀನ ಬೇಡ. ಪ್ರವಾಸಿ ವೀಸಾ ಕೆಲಸದ ಪರವಾನಗಿ ಅಲ್ಲ. ಬಾಲಿಗೆ ಇಳಿದ ಮೇಲೆ ಕೊಡುವ ವೀಸಾ ಮೂವತ್ತು ದಿನದ್ದು, ಒಮ್ಮೆ ಮಾತ್ರ ಇನ್ನೂ ಮೂವತ್ತು ದಿನಕ್ಕೆ ವಿಸ್ತರಿಸಬಹುದು. ಇಂಡೋನೇಷ್ಯಾದಲ್ಲಿ ದೂರದಿಂದ ಕೆಲಸ ಮಾಡುವವರ ವೀಸಾ ಬೇರೆಯೇ ಇದೆ, ಇ33ಜಿ ಅಂತ. ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ಅಲ್ಲಿ ಹನ್ನೆರಡು ತಿಂಗಳಲ್ಲಿ 183 ದಿನ ದಾಟಿದರೆ ತೆರಿಗೆಯ ಲೆಕ್ಕವೂ ಬದಲಾಗುತ್ತದೆ. ಶ್ರೀಲಂಕಾದ ವೀಸಾ ನಿಯಮ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿರುವುದರಿಂದ ಹೊರಡುವ ವಾರ ಸರ್ಕಾರಿ ತಾಣದಲ್ಲೇ ನೋಡಿ, ನನ್ನ ಮಾತನ್ನೂ ನಂಬಬೇಡಿ. ಕಂಪನಿಯಿಂದ ದೇಶದ ಹೆಸರು ಹಾಕಿಸಿ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. "ಮ್ಯಾನೇಜರ್ ಸರಿ ಅಂದಿದ್ದಾರೆ" ಎಂದು ಬಂದ ಹುಡುಗನೊಬ್ಬನ ಲಾಗಿನ್ ಮೂರನೇ ದಿನ ಬಂದ್ ಆಗಿ, ಅವನು ಅಳುಮುಖ ಮಾಡಿಕೊಂಡು ವಾಪಸ್ ಹೋದದ್ದು ನನ್ನ ಕಣ್ಣೆದುರೇ ಇದೆ. ಸ್ಕೂಟರ್ ಓಡಿಸುವವರು ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸುವಾಗ ದ್ವಿಚಕ್ರದ ಮುದ್ರೆ ಇದೆಯೇ ನೋಡಿಕೊಳ್ಳಿ. ಅದಿಲ್ಲದೆ ಬಿದ್ದರೆ ವಿಮೆ ಹಣ ಕೈಗೆ ಬರುವುದು ಕಷ್ಟ.

ಮನೆ ನೋಡುವಾಗ ಇಂಟರ್ನೆಟ್ ವೇಗದ ಸ್ಕ್ರೀನ್‌ಶಾಟ್ ನಂಬಬೇಡಿ. ನಿಮ್ಮ ಕೆಲಸದ ಹೊತ್ತಿನಲ್ಲೇ, ಅದೇ ಕೋಣೆಯಿಂದ, ಅದೇ ವೈಫೈನಲ್ಲಿ ಮನೆಯವರಿಂದ ವಿಡಿಯೋ ಕಾಲ್ ಮಾಡಿಸಿಕೊಳ್ಳಿ. ಕರಾವಳಿಯುದ್ದಕ್ಕೂ ಹೋಗುವ ಗಾಲೆ ರಸ್ತೆಯ ಪಕ್ಕದ ಮನೆಯಾದರೆ ಬಸ್ಸಿನ ಹಾರನ್ನೂ ಆಗಲೇ ಕೇಳಿಸುತ್ತದೆ. ಕರೆಂಟ್ ಹೋದರೆ ಏನು ವ್ಯವಸ್ಥೆ ಎಂದು ಕೇಳಿ. 2022ರ ಬಿಕ್ಕಟ್ಟಿನಲ್ಲಿ ಲಂಕಾದಲ್ಲಿ ದಿನಕ್ಕೆ ಹದಿಮೂರು ಗಂಟೆಯವರೆಗೂ ಕರೆಂಟ್ ತೆಗೆದರು. ಈಗ ಆ ಸ್ಥಿತಿ ಇಲ್ಲ, ಆದರೂ 2025ರ ಫೆಬ್ರವರಿಯಲ್ಲಿ ಒಂದು ಭಾನುವಾರ ಇಡೀ ದ್ವೀಪ ಕತ್ತಲಾಗಿತ್ತು. ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ಇಲ್ಲಿಂದ ಎತ್ತರದ ಜಾಗಕ್ಕೆ ದಾರಿ ಯಾವುದು? 2004ರ ಡಿಸೆಂಬರ್ 26ರ ಸುನಾಮಿಯನ್ನು ಕಂಡ ತೀರ ಇದು. ನನ್ನ ಮನೆಯೊಡತಿ ಮೊದಲ ದಿನವೇ ನನ್ನ ಕೈಹಿಡಿದು ಹಿಂದಿನ ದಿಬ್ಬದವರೆಗೆ ನಡೆಸಿ ತೋರಿಸಿದರು.

ಊಟದ ಬಗ್ಗೆ ಅಮ್ಮಂದಿರು ನನ್ನನ್ನೇ ಕೇಳುತ್ತಾರೆ. ಲಂಕಾದ ಅಡುಗೆ ನಮಗೆ ಹತ್ತಿರದ್ದು: ಕೆಂಪಕ್ಕಿ ಅನ್ನ, ತೆಂಗಿನ ಹಾಲಿನ ಬೇಳೆಸಾರು ಪರಿಪ್ಪು, ಒತ್ತುಶಾವಿಗೆಯನ್ನೇ ಹೋಲುವ ಇಂದಿಯಾಪ್ಪ. ಗೊಟುಕೊಲ ಸಂಬೋಲ ಅಂದರೆ ನಮ್ಮ ಒಂದೆಲಗವೇ, ಹಸಿಯಾಗಿ ಹೆಚ್ಚಿ ತೆಂಗಿನತುರಿ ಬೆರೆಸಿದ್ದು. ಮೊದಲ ತುತ್ತಿಗೆ ನನಗೆ ಅಜ್ಜಿಯ ತಂಬುಳಿ ನೆನಪಾಗಿ ಗಂಟಲು ಕಟ್ಟಿತ್ತು. ಆದರೆ ಸಸ್ಯಾಹಾರಿಗಳು ಎಚ್ಚರವಿರಬೇಕು. ತೆಂಗಿನ ಸಂಬೋಲಕ್ಕೆ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ, ಉಂಬಲಕಡ ಎಂಬ ಒಣಮೀನಿನ ಚೂರು ಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ಮಸಾಲೆ, ಮೀನಲ್ಲ. "ಉಂಬಲಕಡ ದಾನ್ನ ಎಪಾ" ಎಂದರೆ ಹಾಕಬೇಡಿ ಎಂದು. ಈ ಮೂರು ಪದ ಬಾಯಿಪಾಠ ಮಾಡಿ ಬನ್ನಿ. ಬಾಲಿಯಲ್ಲಿ ಸೋಯಾದಿಂದ ಮಾಡಿದ ಟೆಂಪೆ, ತೋಫು ಧಾರಾಳ, ಅಲ್ಲಿ ಕೇಳಬೇಕಾದ ಪದ ತೆರಾಸಿ, ಸಿಗಡಿಯ ಪೇಸ್ಟ್. ಮತ್ತೊಂದು: ಬಾಲಿಯವರ ಶಕ ವರ್ಷದ ಹೊಸ ದಿನ ಞೆಪಿ ಕೆಲವು ವರ್ಷ ನಮ್ಮ ಯುಗಾದಿಯ ದಿನವೇ ಬರುತ್ತದೆ, 2023ರಲ್ಲಿ ಎರಡೂ ಮಾರ್ಚ್ 22. ಆದರೆ ನಮ್ಮಂತೆ ಒಬ್ಬಟ್ಟಿನ ಹಬ್ಬವಲ್ಲ, ಮೌನದ ದಿನ. ವಿಮಾನ ನಿಲ್ದಾಣ ಮುಚ್ಚುತ್ತದೆ, ಮೊಬೈಲ್ ಇಂಟರ್ನೆಟ್ ನಿಲ್ಲುತ್ತದೆ, ಬೀದಿಗೂ ಕಡಲಿಗೂ ಯಾರೂ ಇಳಿಯುವಂತಿಲ್ಲ. ಆ ದಿನ ರಜೆ ಹಾಕಿಬಿಡಿ. ಮನೆಯೊಳಗೆ ದೀಪವನ್ನೂ ತಗ್ಗಿಸಿ ಅವರ ಜೊತೆ ಸುಮ್ಮನಿರುವುದು ನಾವು ಕೊಡಬೇಕಾದ ಮರ್ಯಾದೆ.

ನೀರಿನಲ್ಲೂ ಮರ್ಯಾದೆ ಇದೆ. ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಹತ್ತಿರವೋ ಆ ಅಲೆ ಅವರದು, ಮುಂದೆ ಅಡ್ಡ ಹೋಗಬಾರದು. ಬೋರ್ಡನ್ನು ಎಸೆದು ಮುಳುಗಬಾರದು, ಹಿಂದಿದ್ದವರ ತಲೆಗೆ ಬೀಳುತ್ತದೆ. ಕಡಲಿನ ಕಡೆಗೆ ಎಳೆಯುವ ಒಳಸೆಳೆತಕ್ಕೆ ಸಿಕ್ಕರೆ ನೇರ ದಡದ ಕಡೆಗೆ ಈಜಲು ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಹೊರಬನ್ನಿ. ಮೊದಲ ಎರಡು ತಿಂಗಳು ಎಂಟು ಒಂಬತ್ತು ಅಡಿಯ ಫೋಮ್ ಬೋರ್ಡ್ ಸಾಕು, ಚಿಕ್ಕ ಬೋರ್ಡಿಗೆ ಆಸೆಪಡಬೇಡಿ. ಹವಳ ತರಚಿದರೆ ಕೂಡಲೇ ಸಿಹಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಚೂರು ಒಳಗುಳಿದರೆ ಕೀವಾಗುತ್ತದೆ, ವಾರಗಟ್ಟಲೆ ನೀರಿಗಿಳಿಯುವಂತಿಲ್ಲ. ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ನೇರ ಉತ್ತರ: ನೀರಿನಲ್ಲಿ ನನಗೆ ಎಂದೂ ತೊಂದರೆಯಾಗಿಲ್ಲ. ಕತ್ತಲಾದ ಮೇಲೆ ಕಡಲತೀರದಲ್ಲಿ ಒಂಟಿಯಾಗಿ ನಡೆಯುವುದನ್ನು ನಾನು ಮಾಡುವುದಿಲ್ಲ. ಒಳ ಊರಿನಲ್ಲಿ ಮನೆ ಹಿಡಿಯುವುದಾದರೆ ಮನೆಯವರು ಅದೇ ಆವರಣದಲ್ಲಿ ವಾಸವಿರುವ ಮನೆಯನ್ನೇ ಹಿಡಿಯಿರಿ.

ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟ, ಅಲ್ಲಿಂದ ವೆಲಿಗಾಮಕ್ಕೆ ಕಾರಿನಲ್ಲಿ ಎರಡೂವರೆ ಮೂರು ಗಂಟೆ. ಆತುರವಿಲ್ಲದಿದ್ದರೆ ಕೊಲಂಬೊ ಫೋರ್ಟ್‌ನಿಂದ ರೈಲು ಹಿಡಿದು ಬಲಗಡೆಯ ಕಿಟಕಿಗೆ ಕೂರಿ, ದಾರಿಯ ಬಹುಪಾಲು ಕಡಲು. 2024ರಿಂದ ಯುಪಿಐ ಕೂಡ ನಡೆಯುತ್ತದೆ, ಆದರೂ ಸಣ್ಣ ಅಂಗಡಿಗಳಿಗೆ ನೋಟು ಇಟ್ಟುಕೊಳ್ಳಿ. ನಾನು ಅಕ್ಟೋಬರ್ ಕೊನೆಗೆ ಹಿಂದಿರುಗುತ್ತೇನೆ. ನವೆಂಬರ್ 1ರ ಸಂಜೆ ಅಲ್ಲಿರುವ ನಾವು ಹತ್ತು ಹನ್ನೆರಡು ಕನ್ನಡಿಗರು ನಮ್ಮ ಮನೆಯ ಅಂಗಳದಲ್ಲಿ ಬಾವುಟ ಕಟ್ಟಿ ಬಿಸಿಬೇಳೆಬಾತ್ ಮಾಡುತ್ತೇವೆ. ಬರುವವರು ಸಾರಿನ ಪುಡಿ, ಹುಣಸೆಹಣ್ಣು ತನ್ನಿ. ಮನೆ ಸಿಗುವವರೆಗೆ ಮಲಗಲು ಚಾಪೆ ನಮ್ಮಲ್ಲಿದೆ.