ಆಲಮಟ್ಟಿ ಆಟ: ಮೂರನೆಯ ವರ್ಷಕ್ಕೆ ಕೈಗೂಡಿದ್ದು

"ರೋಬೊ ಸ್ಪರ್ಧೆಗೆ ಅಣೆಕಟ್ಟೆಯ ಆಟವೇ? ಯಾರು ನೋಡುತ್ತಾರೆ ಸರ್?" ಎಂದು ಬಾಗಲಕೋಟೆಯ ಗೆಳೆಯರು ಮಕ್ಕಳ ರೋಬೊ ಸ್ಪರ್ಧೆ ನಡೆಸುವ ನನ್ನನ್ನು ಕೇಳಿದ್ದರು. ಈ ಸಲ ಕೊನೆಯ ಸುತ್ತಿನ ಹೊತ್ತಿಗೆ ಹುಡುಗರು ಕಿಟಕಿ ಹತ್ತಿ ನಿಂತು ನೋಡುತ್ತಿದ್ದರು.

ಮೊದಲ ವರ್ಷ ರೋಬೊಗಳು ಕಪ್ಪು ಗೆರೆ ಹಿಡಿದು ಓಡುವ ಹಳೆಯ ಆಟವನ್ನೇ ಇಟ್ಟಿದ್ದೆ. ಹದಿನಾರು ತಂಡಗಳಲ್ಲಿ ಹತ್ತರದ್ದಾದರೂ ಒಂದೇ ಕೋಡ್. ಊಟವಾದ ಮೇಲೆ ಪೋಷಕರೂ ಉಳಿಯಲಿಲ್ಲ. ಆಟದ ಅಂಕಣವನ್ನು ಹೊಳಪಿನ ಫ್ಲೆಕ್ಸ್ ಮೇಲೆ ಮುದ್ರಿಸಿದ್ದರಿಂದ, ಗೆರೆಯನ್ನು ಅವಗೆಂಪು ಬೆಳಕಿನಿಂದ ಗುರುತಿಸುವ ಐಆರ್ ಸೆನ್ಸರ್‌ಗಳಿಗೆ ಕಪ್ಪು ಗೆರೆಯೂ ಬಿಳಿಯಾಗಿಯೇ ಕಂಡಿತು. ಸುಮಾರು ಮೂರೂವರೆ ಸಾವಿರ ರೂಪಾಯಿ ನೀರಿಗೆ ಹೋಯಿತು. ಈಗ ಪ್ಲೈವುಡ್ಡಿಗೆ ಹೊಳಪಿಲ್ಲದ ಬಣ್ಣವನ್ನೇ ಬಳಿಯುತ್ತೇನೆ.

ಎರಡನೆಯ ವರ್ಷ ಆಲಮಟ್ಟಿ ಅಣೆಕಟ್ಟೆಯ ಮಾದರಿಯನ್ನು ಅಂಕಣಕ್ಕೆ ತಂದೆ. ಅಲ್ಲಿರುವುದು 26 ಗೇಟು. ನಾನು ಕಟ್ಟಿದ್ದು ಆರು. ನೀರಿನ ಬದಲು ಟೇಬಲ್ ಟೆನಿಸ್ ಚೆಂಡುಗಳು. ಒಂದೊಂದೂ ಮೂರು ಗ್ರಾಂ ಕೂಡ ತೂಗುವುದಿಲ್ಲ. ಫ್ಯಾನ್ ಹಾಕಿದ ಕೂಡಲೇ ಜಲಾಶಯವೆಲ್ಲ ಚೆಲ್ಲಾಪಿಲ್ಲಿ. ಆರಿಸಿದರೆ ನಮ್ಮ ಊರಿನ ಸೆಕೆಯಲ್ಲಿ ಮಕ್ಕಳು ಬೆಂದುಹೋಗುತ್ತಿದ್ದರು. ಚೆಂಡಿಗೆ ರಂಧ್ರ ಕೊರೆದು ಬಿಳಿಜೋಳ ತುಂಬಿ ನೋಡಿದೆ. ಜೋಳ ಒಂದು ಬದಿಗೆ ಸರಿದು ಚೆಂಡು ಉರುಳದೆ ನಿಂತುಬಿಡುತ್ತಿತ್ತು. ಕಡೆಗೆ ಮಕ್ಕಳ ಆಟಿಕೆಯ ದೊಡ್ಡ ಪ್ಲಾಸ್ಟಿಕ್ ಚೆಂಡುಗಳೇ ಗತಿಯಾದವು. ಅಂಕಗಳೂ ಕೈಕೊಟ್ಟವು: ಗೇಟು ತೆರೆದು, ಚೆಂಡನ್ನು ಕಾಲುವೆಗೆ ತಳ್ಳಿದ ಮೇಲಷ್ಟೇ ಅಂಕ ಎಂದಿಟ್ಟಿದ್ದೆ. ಅರ್ಧದಷ್ಟು ತಂಡಗಳು ಸೊನ್ನೆಯಲ್ಲೇ ಮನೆಗೆ ಹೋದವು. ಹೊಳೆಆಲೂರಿನ ಕಡೆಯಿಂದ ಬಂದ ಇಬ್ಬರು ಹುಡುಗಿಯರು ಕಣ್ಣೊರೆಸಿಕೊಂಡು ಬಸ್ ಹತ್ತಿದ್ದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಮೂರನೆಯ ಸಲ ಹೊರಟ ಗೆರೆಯನ್ನು ದಾಟಿದರೂ ಐದು ಅಂಕ ಇಟ್ಟೆ. ಜಲಾಶಯವನ್ನು ಎರಡೂ ತಂಡಗಳ ನಡುವೆ ಇಟ್ಟು, ಮೇಲಿನಿಂದ ಚೆಂಡು ಬೀಳಿಸುತ್ತಾ ಹೋದೆ. ಪಾರದರ್ಶಕ ಗೋಡೆಯ ಮೇಲೆ 519.60 ಎಂದು ಬರೆದ ಕೆಂಪು ಗೆರೆ. ಆಲಮಟ್ಟಿ ತುಂಬಿ ನಿಲ್ಲುವ ಮಟ್ಟ ಅಷ್ಟೇ ಮೀಟರು. ಚೆಂಡುಗಳು ಅದನ್ನು ಮೀರಿದರೆ ಇಬ್ಬರ ಅಂಕವೂ ಅರ್ಧ. ಹೆದರಿ ಒಮ್ಮೆಲೇ ಗೇಟು ತೆರೆದರೆ ಕೆಳಗಿನ ಹಳ್ಳಿ ಮುಳುಗುತ್ತದೆ. ಆ ದಂಡ ತೆರೆದವರಿಗೆ ಮಾತ್ರ. ಎದುರಾಳಿಗಳೇ "ನಿಮ್ಮ ಗೇಟು ತೆರೆಯಿರಿ!" ಎಂದು ಒಬ್ಬರಿಗೊಬ್ಬರು ಕೂಗತೊಡಗಿದರು. ಯಾರು ಮುಂದಿದ್ದಾರೆಂದು ಮೈಕಿನಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ.

ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡು ಬಾಗಲಕೋಟೆಯ ನವನಗರಕ್ಕೆ ಬಂದ ಅಜ್ಜರೊಬ್ಬರು ಮೊಮ್ಮಗನಿಗಾಗಿ ಬಂದಿದ್ದರು. ಚೆಂಡುಗಳು ಕೆಂಪು ಗೆರೆ ಮುಟ್ಟಿದಾಗ ಅವರು ಕುರ್ಚಿ ಬಿಟ್ಟು ಎದ್ದು ನಿಂತರು. ಸುತ್ತು ಮುಗಿಯುವವರೆಗೂ ಕೂರಲಿಲ್ಲ.

ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು. ಅದರಲ್ಲಿ ಸುಟ್ಟುಹೋದ ನಾಲ್ಕು ಸರ್ವೊಗಳೂ (ಗೇಟು ಆಡಿಸುವ ಪುಟ್ಟ ಮೋಟರುಗಳು) ಸೇರಿವೆ. ಗೇಟು ಸಿಕ್ಕಿಕೊಂಡಾಗಲೂ ಸರ್ವೊಗೆ ಕರೆಂಟ್ ಹರಿಯುತ್ತಲೇ ಇದ್ದದ್ದು ಅದಕ್ಕೆ ಕಾರಣ. ಚೆಂಡು ಯಾವ ಕ್ಷಣಕ್ಕೆ ಎಷ್ಟು ಬೀಳುತ್ತವೆ ಎಂಬ ಲೆಕ್ಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷದ ತಂಡಗಳೂ ಇದನ್ನು ಓದುತ್ತವೆ.