‘ಮೊಘಲ್-ಎ-ಆಜಂ’ ಚಿತ್ರಮಂದಿರದಲ್ಲಿ ನೋಡುವವರಿಗೆ

ಕೆ. ಆಸಿಫ್ ನಿರ್ದೇಶನದ ‘ಮೊಘಲ್-ಎ-ಆಜಂ’ 1960ರ ಆಗಸ್ಟ್ 5ರಂದು ತೆರೆಕಂಡಿತು. ಅದರ ಹಾಡುಗಳು ಈಗ ಎಲ್ಲರ ಮೊಬೈಲಿನಲ್ಲಿವೆ, ಇಡೀ ಚಿತ್ರವನ್ನು ಟೀವಿಯಲ್ಲಿ ನೋಡಿದವರೂ ಬಹಳ ಮಂದಿ. ಹಾಗಿದ್ದರೂ ಮರುಬಿಡುಗಡೆಯಲ್ಲೋ ಚಿತ್ರೋತ್ಸವದಲ್ಲೋ ಫಿಲಂ ಸೊಸೈಟಿಯಲ್ಲೋ ಅದು ಸಿಕ್ಕರೆ ಹೋಗಲೇಬೇಕು. ಅಕ್ಬರನ ಮಗ ಸಲೀಂ ಮತ್ತು ಆಸ್ಥಾನದ ನರ್ತಕಿ ಅನಾರ್ಕಲಿಯ ಈ ಪ್ರೇಮಕಥೆಯ ಜೀವ ಇರುವುದು ದೂರದಲ್ಲಿ. ಸಿಂಹಾಸನಕ್ಕೂ ನರ್ತಕಿಗೂ ಎಷ್ಟು ದೂರ, ತಂದೆಗೂ ಮಗನಿಗೂ ಎಷ್ಟು ದೂರ ಎಂಬುದನ್ನು ಆಸಿಫ್ ಕಂಬ, ಮೆಟ್ಟಿಲು, ಅಂಗಳಗಳಿಂದ ಅಳೆದು ತೋರಿಸುತ್ತಾರೆ. ಸಣ್ಣ ಪರದೆಯಲ್ಲಿ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಆ ದೂರ ಮಾತ್ರ ಅನುಭವಕ್ಕೆ ಬರುವುದಿಲ್ಲ.

ಟಿಕೆಟ್ ಕೊಳ್ಳುವ ಮೊದಲು ತೋರಿಸುತ್ತಿರುವುದು ಯಾವ ಪ್ರತಿ ಎಂದು ವಿಚಾರಿಸಿ. ಮೂಲ ಚಿತ್ರ ಬಹುಪಾಲು ಕಪ್ಪು-ಬಿಳುಪು. ಶೀಶ್ ಮಹಲ್‌ನ, ಅಂದರೆ ಕನ್ನಡಿ ಅರಮನೆಯ, ಹಾಡು ಮತ್ತು ಕೊನೆಯ ಭಾಗ ಬಣ್ಣದಲ್ಲಿವೆ. ಅವಧಿ ಸುಮಾರು 197 ನಿಮಿಷ. 2004ರ ನವೆಂಬರ್ 12ರಂದು ಬಂದದ್ದು ಪೂರ್ತಿ ಬಣ್ಣ ಹಚ್ಚಿದ, ಧ್ವನಿಯನ್ನೂ ಹೊಸದಾಗಿ ಹೊಂದಿಸಿದ, ಸುಮಾರು 20 ನಿಮಿಷ ಕಿರಿದಾದ ಪ್ರತಿ. ಎರಡೂ ಸಿಗುವಂತಿದ್ದರೆ ಕಪ್ಪು-ಬಿಳುಪಿನದನ್ನೇ ಆರಿಸಿ. ಬಹಳ ಹೊತ್ತು ಬೂದು ಛಾಯೆಗೆ ಒಗ್ಗಿಹೋದ ಕಣ್ಣೆದುರು ಶೀಶ್ ಮಹಲ್ ಏಕಾಏಕಿ ಬಣ್ಣದಲ್ಲಿ ತೆರೆದುಕೊಳ್ಳುವುದೇ ಈ ಚಿತ್ರದ ದೊಡ್ಡ ಸಂಭ್ರಮ. ಮೊದಲಿನಿಂದಲೂ ಬಣ್ಣ ಕಂಡವರಿಗೆ ಅದು ಇನ್ನೊಂದು ಹಾಡಾಗಿ ಕಳೆದುಹೋಗುತ್ತದೆ.

ಕುರ್ಚಿ ಆರಿಸುವಾಗ ಒಂದು ಲೆಕ್ಕ ನೆನಪಿರಲಿ. ಆ ಕಾಲದ ಚಿತ್ರದ ಚೌಕಟ್ಟು ಈಗಿನಷ್ಟು ಅಗಲವಲ್ಲ; ಎತ್ತರ 1 ಆದರೆ ಅಗಲ 1.37. ಈಗಿನ ಸಿನೆಮಾಸ್ಕೋಪ್ ಪರದೆ 40 ಅಡಿ ಅಗಲವಿದ್ದರೆ ಎತ್ತರ ಸುಮಾರು 17 ಅಡಿ. ಅದರ ಮೇಲೆ ಹಳೆಯ ಚೌಕಟ್ಟನ್ನು ಸರಿಯಾಗಿ ಬಿಟ್ಟರೆ ಚಿತ್ರದ ಅಗಲ 23 ಅಡಿಯಷ್ಟೇ. ಚಿತ್ರದ ಅಗಲದ ಒಂದೂವರೆ ಪಟ್ಟು ದೂರದಲ್ಲಿ ಕೂತರೆ ಕಣ್ಣು ತುಂಬುತ್ತದೆ, ಕತ್ತೂ ನೋಯುವುದಿಲ್ಲ. ಹಾಗಾಗಿ ಹೊಸ ಚಿತ್ರಕ್ಕೆ 60 ಅಡಿ ದೂರ ಸರಿಯಾದರೆ ಇದಕ್ಕೆ 35 ಅಡಿ. ಮೊದಲ ಸಾಲು ಪರದೆಯಿಂದ 15 ಅಡಿ, ಸಾಲಿಗೊಂದು 4 ಅಡಿ ಎಂದುಕೊಂಡರೆ ನಿಮ್ಮದು ಹನ್ನೆರಡನೆಯ ಸಾಲಲ್ಲ, ಆರನೆಯದು. ಸದಾ ಹಿಂದಿನ ಸಾಲಿಗೇ ಹೋಗುವವರು ಈ ಒಮ್ಮೆ ಮುಂದೆ ಬನ್ನಿ. ಆನ್‌ಲೈನ್ ಬುಕಿಂಗ್‌ನಲ್ಲಿ ‘ಎ’ ಸಾಲು ಕೆಲವು ಕಡೆ ಮುಂದೆ, ಕೆಲವು ಕಡೆ ಹಿಂದೆ ಇರುತ್ತದೆ. ನಕ್ಷೆಯಲ್ಲಿ ಪರದೆ ಯಾವ ಕಡೆ ಎಂಬ ಗುರುತು ನೋಡಿಯೇ ಒತ್ತಿ.

ಕಾಲು ಗಂಟೆ ಮೊದಲೇ ಒಳಗಿರಿ. ಎಡಬಲಗಳಲ್ಲಿ ಕಪ್ಪು ಪಟ್ಟಿ ಕಂಡರೆ ಗಾಬರಿ ಬೇಡ, ಅದು ಸರಿ. ಪಟ್ಟಿ ಇದೆಯೆಂದು ಯಾರೋ ಕೂಗಿ, ಪ್ರೊಜೆಕ್ಟರ್‌ನವರು ಪರದೆ ತುಂಬುವಂತೆ ಹಿಗ್ಗಿಸಿದಾಗಲೇ ತೊಂದರೆ. ಅಡ್ಡಕ್ಕೆ ಎಳೆದರೆ ಅನಾರ್ಕಲಿಯಾದ ಮಧುಬಾಲಾ ಮುಖ ಅಗಲವಾಗುತ್ತದೆ. ಮೇಲೆ-ಕೆಳಗೆ ಕತ್ತರಿಸಿದರೆ, ಎತ್ತರ 1ಕ್ಕೆ ಅಗಲ 1.85 ಇರುವ ಈಗಿನ ಇನ್ನೊಂದು ಚೌಕಟ್ಟಿಗೆ ಎತ್ತರದ ಕಾಲು ಭಾಗ ಹೋಗುತ್ತದೆ, ಸಿನೆಮಾಸ್ಕೋಪಿಗೆ ಐದರಲ್ಲಿ ಎರಡು ಭಾಗಕ್ಕೂ ಹೆಚ್ಚು. ಮೊದಲು ಹೋಗುವುದೇ ಅರಮನೆಯ ಚಾವಣಿ. ಈ ಚಿತ್ರಕ್ಕೆ ಚಾವಣಿ ಎಷ್ಟು ಮುಖ್ಯವೆಂದು ಮುಂದೆ ಹೇಳುತ್ತೇವೆ. ಟೈಟಲ್ ಅಕ್ಷರಗಳು ಮೇಲಂಚಿಗೆ ತಾಗುತ್ತಿದ್ದರೆ ಅಥವಾ ಅರ್ಧ ಕತ್ತರಿಸಿದ್ದರೆ ತಕ್ಷಣ ಹೊರಗೆ ಹೋಗಿ ಮ್ಯಾನೇಜರಿಗೆ ತಿಳಿಸಿ. ಮೊದಲ ಐದು ನಿಮಿಷದಲ್ಲಿ ಹೇಳಿದರೆ ಸರಿಪಡಿಸುತ್ತಾರೆ, ಇಂಟರ್‌ವಲ್‌ನಲ್ಲಿ ಹೇಳಿ ಪ್ರಯೋಜನವಿಲ್ಲ. ಚಿತ್ರ ಮಂಕಾಗಿ, ಬಿಳಿ ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿದ್ದರೆ ತ್ರೀಡಿ ಫಿಲ್ಟರ್ ತೆಗೆಯದೆ ಬಿಟ್ಟಿದ್ದಾರೆಯೇ ಎಂದು ಕೇಳಿ. ಮಂಕು ಬೆಳಕಿನಲ್ಲಿ ಈ ಚಿತ್ರ ಅರ್ಧ ಸತ್ತಂತೆ. ಮೂಲ ಪ್ರತಿಯ ಧ್ವನಿ ಒಂದೇ ಚಾನೆಲ್ಲಿನದು, ಪರದೆಯ ಹಿಂದೆ ನಡುವಿನಿಂದ ಬರುತ್ತದೆ. ಪಕ್ಕದ ಸ್ಪೀಕರ್‌ಗಳು ಸುಮ್ಮನಿದ್ದರೆ ಅದು ದೋಷವಲ್ಲ. ಅಕ್ಬರನಾದ ಪೃಥ್ವಿರಾಜ್ ಕಪೂರರ ದನಿ ಒಡೆದು ಕೇಳಿದರೆ ಮಾತ್ರ ವಾಲ್ಯೂಮ್ ತಗ್ಗಿಸಲು ಹೇಳಿ.

ಕಥೆಯ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು: ಅನಾರ್ಕಲಿ ದಂತಕಥೆಯವಳು. ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲನ ‘ಅಕ್ಬರ್‌ನಾಮಾ’ದಲ್ಲಿ ಅವಳಿಲ್ಲ. ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ಉರ್ದು ನಾಟಕದಿಂದ ಈ ಕಥೆ ಜನಪ್ರಿಯವಾಯಿತು. ಸಲೀಂ ತಂದೆಯ ವಿರುದ್ಧ ಅಲಹಾಬಾದಿನಲ್ಲಿ ಬಂಡೆದ್ದದ್ದು ಇತಿಹಾಸ. ಅದು ಪ್ರೇಮಕ್ಕಾಗಿ ಎಂಬುದು ಕಥೆ. ಇದನ್ನು ಮನೆಯಲ್ಲೇ ಓದಿ ಮುಗಿಸಿ, ಚಿತ್ರಮಂದಿರದಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಭಾಷೆ ಗಾಢ ಉರ್ದು. ಕಲಬುರಗಿ, ಬೀದರ ಕಡೆ ದಖ್ಖನಿ ಕೇಳಿ ಬೆಳೆದವರಿಗೂ ದರ್ಬಾರಿನ ಮಾತು ಕೆಲವೊಮ್ಮೆ ಕೈತಪ್ಪುತ್ತದೆ. ಕನೀಜ್ ಎಂದರೆ ದಾಸಿ, ಬಗಾವತ್ ಎಂದರೆ ದಂಗೆ, ಜಿಲ್ಲೇ ಇಲಾಹಿ ಎಂದು ಕರೆಯುವುದು ಅಕ್ಬರನನ್ನು. ಇಷ್ಟಿದ್ದರೆ ಸಬ್‌ಟೈಟಲ್ ಮೇಲೆ ಪದೇ ಪದೇ ಕಣ್ಣು ಹೋಗುವುದಿಲ್ಲ.

ಇನ್ನು ನೋಡುವುದು. ಆರಂಭದಲ್ಲಿ ಮಗುವನ್ನು ಬೇಡಿ ಅಕ್ಬರ್ ಸುಡುವ ಮರಳಿನ ಮೇಲೆ ಬರಿಗಾಲಲ್ಲಿ ನಡೆದು ದರ್ಗಾಕ್ಕೆ ಹೋಗುತ್ತಾನೆ. ಮರಳಿನ ವಿಸ್ತಾರದ ಮುಂದೆ ಬಾದಶಹ ಎಷ್ಟು ಸಣ್ಣವನೆಂದು ಗಮನಿಸಿ. ಮುಂದೆ ದರ್ಬಾರಿನಲ್ಲಿ ಅವನ ಮುಂದೆ ಎಲ್ಲರೂ ಸಣ್ಣವರಾಗುವಾಗ ಈ ದೃಶ್ಯ ನೆನಪಿಗೆ ಬರಬೇಕು. ಬಟ್ಟೆ, ಒಡವೆಗಳನ್ನು ನಟರು ನಿಂತಾಗ ನೋಡಬೇಡಿ, ತಿರುಗುವಾಗ ನೋಡಿ. ಸೂರತ್ತಿನ ಕಸೂತಿಯವರು, ಹೈದರಾಬಾದಿನ ಅಕ್ಕಸಾಲಿಗರು, ಕಿರೀಟಕ್ಕೆ ಕೊಲ್ಹಾಪುರದ ಕುಶಲಕರ್ಮಿಗಳು, ಆಯುಧಕ್ಕೆ ರಾಜಸ್ಥಾನದ ಕಮ್ಮಾರರು, ಪಾದರಕ್ಷೆಗೆ ಆಗ್ರಾದವರು ದುಡಿದಿದ್ದಾರೆ. ಕಪ್ಪು-ಬಿಳುಪಿನಲ್ಲಿ ಜರಿಯ ಚಿನ್ನ ಬಣ್ಣವಾಗಿ ಕಾಣುವುದಿಲ್ಲ, ಸರಿದಾಡುವ ಬೆಳಕಿನ ಚುಕ್ಕಿಗಳಾಗಿ ಕಾಣುತ್ತದೆ.

ಹೆಚ್ಚಿನವರು ಶೀಶ್ ಮಹಲಿಗಾಗಿ ಕಾಯುತ್ತಾರೆ. ಅದಕ್ಕೂ ಮೇಲಿನದು ಗರಿಯ ದೃಶ್ಯ ಎಂಬುದು ನಮ್ಮ ಅಭಿಪ್ರಾಯ. ರಾತ್ರಿಯ ತೋಟ, ಎಲ್ಲೋ ದೂರದಲ್ಲಿ ತಾನ್‌ಸೇನ್ ಹಾಡುತ್ತಿದ್ದಾನೆ. ಸಲೀಂ ಬಿಳಿ ಗರಿಯೊಂದನ್ನು ಅನಾರ್ಕಲಿಯ ಮುಖದ ಮೇಲೆ ಆಡಿಸುತ್ತಾನೆ, ಅಷ್ಟೇ. ದನಿ ಬಡೇ ಗುಲಾಂ ಅಲಿ ಖಾನ್ ಅವರದು, ರಾಗ ಸೋಹನಿ. ರಾತ್ರಿಯ ಕೊನೆಯ ಜಾವದ ರಾಗವಾದ್ದರಿಂದ ಹೊತ್ತು ಎಷ್ಟಾಗಿದೆಯೆಂದು ಸಂಗೀತವೇ ಹೇಳುತ್ತದೆ. ಲತಾ, ರಫಿ ಹಾಡಿಗೆ ಕೆಲವು ನೂರು ರೂಪಾಯಿ ಪಡೆಯುತ್ತಿದ್ದ ಆ ದಿನಗಳಲ್ಲಿ ಖಾನ್ ಸಾಹೇಬರಿಗೆ ಆಸಿಫ್ ಹಾಡಿಗೆ 25,000 ರೂಪಾಯಿ ಕೊಟ್ಟರು. ಇಡೀ ಚಿತ್ರದಲ್ಲಿ ದೂರ ಇಲ್ಲವಾಗುವ ಗಳಿಗೆ ಇದೊಂದೇ, ಅದಕ್ಕೇ ಕ್ಯಾಮೆರಾ ಮುಖಗಳಿಗೆ ಅಷ್ಟು ಹತ್ತಿರ. ಇಲ್ಲಿ ಸುತ್ತಮುತ್ತ ನೋಡಬೇಡಿ; ಮಧುಬಾಲಾ ಕಣ್ಣಿನ ರೆಪ್ಪೆಯನ್ನು ನೋಡಿ, ಆಲಾಪವನ್ನು ಕೇಳಿ. ಪಾಪ್‌ಕಾರ್ನ್ ಪೊಟ್ಟಣ ಕೆಳಗಿಡಿ.

ಖವ್ವಾಲಿ ಸ್ಪರ್ಧೆಯಲ್ಲಿ ನೋಡುವುದು ಬೇರೆ ರೀತಿ. ಒಂದು ಕಡೆ ಅನಾರ್ಕಲಿ, ಎದುರಿಗೆ ಅವಳ ಪ್ರತಿಸ್ಪರ್ಧಿ ಬಹಾರ್, ನಡುವೆ ಸಲೀಂ. ಹಾಡುವವರನ್ನು ಬಿಟ್ಟು ಕೇಳುತ್ತಿರುವವಳ ಮುಖ ಹಿಂಬಾಲಿಸಿ. ಗೆದ್ದವಳಿಗೆ ಹೂ, ಸೋತವಳಿಗೆ ಮುಳ್ಳು ಸಿಗುತ್ತದೆ. ಮುಳ್ಳಿಗೆ ಬಾಡುವ ಭಯವಿಲ್ಲ ಎಂದು ಅನಾರ್ಕಲಿ ಕೊಡುವ ಉತ್ತರದಲ್ಲೇ ಮುಂದಿನ ಕಥೆ ಅಡಗಿದೆ.

ಶೀಶ್ ಮಹಲ್ ಸೆಟ್ 150 ಅಡಿ ಉದ್ದ, 80 ಅಡಿ ಅಗಲ, 35 ಅಡಿ ಎತ್ತರ. ಬೆಲ್ಜಿಯಂ ಗಾಜಿನ ಅಸಂಖ್ಯ ಕನ್ನಡಿಗಳನ್ನು ಫಿರೋಜಾಬಾದಿನ ಕೆಲಸಗಾರರು ಕೂರಿಸಿದರು, ಎರಡು ವರ್ಷ ಹಿಡಿಯಿತು. ದೀಪ ಹಾಕಿದರೆ ಪ್ರತಿ ಕನ್ನಡಿಯೂ ಬೆಳಕನ್ನು ಕ್ಯಾಮೆರಾದತ್ತ ಎಸೆಯುತ್ತಿತ್ತು. ಕನ್ನಡಿಗಳಿಗೆ ತೆಳುವಾಗಿ ಮೇಣ ಬಳಿದು, ಛಾಯಾಗ್ರಾಹಕ ಆರ್. ಡಿ. ಮಾಥುರ್ ಅಲ್ಲಲ್ಲಿ ಬಟ್ಟೆಯ ಪಟ್ಟಿ ಕಟ್ಟಿ ಬೆಳಕನ್ನು ಅದರಿಂದ ಪುಟಿಸಿ ಹರಡಿದರು. ಹಾಗಾಗಿಯೇ ತೆರೆಯ ಮೇಲೆ ಹೊಳಪು ಕಣ್ಣು ಚುಚ್ಚುವುದಿಲ್ಲ. ಹಾಡಿನ ಮೊದಲ ಚರಣದಲ್ಲಿ ಇಡೀ ಕೋಣೆ ನೋಡಿ, ಎರಡನೆಯದರಿಂದ ಅಕ್ಬರನ ಕಣ್ಣು ಹಿಡಿದುಕೊಳ್ಳಿ. ಕೊನೆಗೆ ಅವನು ತಲೆ ಎತ್ತಿದಾಗ ನೀವೂ ಎತ್ತಿ. ಚಾವಣಿಯ ಕನ್ನಡಿ ಕನ್ನಡಿಯಲ್ಲೂ ಅನಾರ್ಕಲಿ. ಕೆಳಗೆ ನೆಲದ ಮೇಲಿದ್ದ ದಾಸಿ ಈಗ ಬಾದಶಹನ ತಲೆಯ ಮೇಲಿದ್ದಾಳೆ. ಚೌಕಟ್ಟು ಕತ್ತರಿಸಿದರೆ ಹಾಳಾಗುವುದು ಇದೇ. ಅಲ್ಲಿನ ಅನುರಣನಕ್ಕಾಗಿ ಸಂಗೀತ ನಿರ್ದೇಶಕ ನೌಷಾದ್ ಲತಾ ಅವರಿಂದ ಸ್ಟುಡಿಯೋದ ಸ್ನಾನಗೃಹದಲ್ಲಿ ಹಾಡಿಸಿದ್ದು ಪ್ರಸಿದ್ಧ. ಗೋಡೆಗೆ ಬಡಿದು ಮರಳುವ ದನಿಗೆ ಕಿವಿಗೊಡಿ.

ಸೆರೆಮನೆಯಲ್ಲಿ ಮಧುಬಾಲಾ ಮೈಮೇಲಿರುವುದು ನಿಜವಾದ ಕಬ್ಬಿಣದ ಸರಪಳಿ. ಹೃದಯದ ಕಾಯಿಲೆಯಿದ್ದ ನಟಿ ಅದನ್ನು ಹೊತ್ತು ನಡೆದರು. ಭುಜ ಕುಸಿಯುವ ರೀತಿ, ಕತ್ತು ಎತ್ತಲು ಹಿಡಿಯುವ ಹೊತ್ತು ನೋಡಿದರೆ ಭಾರ ತಿಳಿಯುತ್ತದೆ. ಯುದ್ಧದ ಭಾಗಕ್ಕೆ ವಿಶೇಷ ಸಿದ್ಧತೆ ಬೇಡ, ಆನೆ-ಕುದುರೆಗಳ ನಡುವೆ ತಂದೆಯನ್ನೂ ಮಗನನ್ನೂ ಹುಡುಕುತ್ತಿರಿ, ಸಾಕು.

ಮೂರು ಗಂಟೆಗೂ ಮೀರಿದ ಚಿತ್ರವಾದ್ದರಿಂದ ಹಿರಿಯರನ್ನು ಕರೆದೊಯ್ಯುವವರು ಹಾದಿಯ ಪಕ್ಕದ ಕುರ್ಚಿ ತೆಗೆದುಕೊಳ್ಳಿ, ಏಸಿಗೆ ಒಂದು ಶಾಲು ಇಟ್ಟುಕೊಳ್ಳಿ, ಊಟ ಮುಗಿಸಿಯೇ ಹೋಗಿ. ಎರಡನೆಯ ಸಲ ನೋಡುವುದಾದರೆ ಪ್ರೇಮಿಗಳನ್ನು ಬಿಟ್ಟು ದುರ್ಗಾ ಖೋಟೆಯವರು ನಟಿಸಿದ ರಾಣಿ ಜೋಧಾಳನ್ನು ಹಿಂಬಾಲಿಸಿ: ಗಂಡನ ಪಕ್ಕ ಎಲ್ಲಿ ನಿಲ್ಲುತ್ತಾಳೆ, ಮಗನ ಕಡೆ ಯಾವಾಗ ಒಂದು ಹೆಜ್ಜೆ ಇಡುತ್ತಾಳೆ ಎಂದು.